ಎರಡು ಸೀಟಿಯ ಮ್ಯಾನೇಜರು

ಸಂಕೋಚದ ಸ್ವಭಾವದವರು ಬಾಡಿಗೆ ಮನೆಯಲ್ಲಿ ಇರಬಾರದು. ಸ್ವಂತ ಮನೆಯಲ್ಲಿ ಎಷ್ಟು ಸಂಕೋಚಪಟ್ಟುಕೊಂಡರೂ ಯಾರಿಗೂ ನಷ್ಟವಿಲ್ಲ. ಬಾಡಿಗೆ ಮನೆಯಲ್ಲಾದರೆ ನಲ್ಲಿ ಸೋರುತ್ತದೆ, ಹೆಂಚು ಒಡೆಯುತ್ತದೆ, ಚರಂಡಿ ಕಟ್ಟಿಕೊಳ್ಳುತ್ತದೆ, ಪ್ರತಿಯೊಂದಕ್ಕೂ ಯಾರೋ ಒಬ್ಬರ ಮುಂದೆ ನಿಂತು ಬಾಯಿ ಬಿಡಬೇಕು. ನನಗೆ ಅದೊಂದು ಬರುತ್ತಿರಲಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಹಾಜರಿ ಕರೆದಾಗ ಉಳಿದವರೆಲ್ಲ ಕಿರುಚಿದರೆ ನಾನು ಬರೀ ತುಟಿ ಅಲ್ಲಾಡಿಸುತ್ತಿದ್ದೆ. ಮೇಷ್ಟ್ರು ತಲೆ ಎತ್ತದೆ ಗೈರುಹಾಜರಿ ಹಾಕುತ್ತಿದ್ದರು. ಕೊನೆಗೊಮ್ಮೆ, ಆ ಹುಡುಗಿ ಶಾಲೆಗೇ ಬರುತ್ತಿಲ್ಲವೆಂದು ಅವರಪ್ಪನಿಗೆ ತಿಳಿಸಬೇಕೆಂದುಕೊಂಡರು. "ಹೋಗ್ತಾ ಅವರ ಮನೇಲಿ ಒಂದು ಮಾತು ಹೇಳ್ಬಿಡಮ್ಮ" ಎಂದು ಅವರು ಹೇಳಿ ಕಳಿಸಿದ್ದು ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹತ್ತಿರವೇ. ನಾನು ಆಗಲೂ ತಲೆಯಾಡಿಸಿ ಬಂದೆ.

ಅಂಥವಳನ್ನು ಮದುವೆಯಾಗಿ, ಮೂರು ಮಕ್ಕಳಾದ ಮೇಲೆ ನಿಮ್ಮ ತಾತ ಪೀಣ್ಯದ ಹತ್ತಿರ, ಲಗ್ಗೆರೆಯ ಒಂದು ವಠಾರಕ್ಕೆ ತಂದು ಇಳಿಸಿದರು. ಅವರಿಗೆ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಕೆಲಸ, ವಾರಕ್ಕೊಂದು ಪಾಳಿ. ವಠಾರದ ಮಧ್ಯೆ ಅಂಗಳ, ಅಂಗಳದಲ್ಲಿ ಒಂದು ನಲ್ಲಿ, ಎರಡೂ ಕಡೆ ಸಾಲಾಗಿ ಮನೆಗಳು. ಮೊದಲು ಅದು ರಾಗಿ ಹೊಲವಾಗಿತ್ತಂತೆ. ಹೊಲದ ಗೌಡರೇ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಗೌಡರು ಒಳ್ಳೆಯವರು, ಆದರೆ ತಿಂಗಳಿಗೊಮ್ಮೆ ಮಾತ್ರ ಬರುವವರು. ಉಳಿದ ದಿನಗಳಿಗೆಂದು ಅವರು ಚನ್ನಪ್ಪನವರನ್ನು ಮ್ಯಾನೇಜರ್ ಮಾಡಿ ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ ಕೂರಿಸಿದ್ದರು. ಮ್ಯಾನೇಜರ್ ಎಂಬ ಹೆಸರನ್ನು ಗೌಡರು ತಮಾಷೆಗೆ ಇಟ್ಟರೋ ಏನೋ, ಚನ್ನಪ್ಪನವರು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ಅವರು ರಿಟೈರಾದ ಬಸ್ ಕಂಡಕ್ಟರು. ಕೆಲಸ ಬಿಟ್ಟಿದ್ದರೂ ಸೀಟಿಯನ್ನು ಬಿಟ್ಟಿರಲಿಲ್ಲ. ಅದು ಕಪ್ಪು ದಾರದಲ್ಲಿ ಕೊರಳಿಗೆ ನೇತಾಡುತ್ತಿತ್ತು. ಯಾರಾದರೂ ನಲ್ಲಿಯ ಹತ್ತಿರ ಎರಡನೇ ಬಿಂದಿಗೆ ಇಟ್ಟರೆ ಸೀಟಿ. ಒಗೆದ ಬಟ್ಟೆ ದಾರಿಗೆ ಅಡ್ಡ ಬಂದರೆ ಸೀಟಿ. ಮಕ್ಕಳು ಓಡಿದರಂತೂ ಕಿವಿ ಒಡೆಯುವ ಸೀಟಿ. ಊದಿದ ಮೇಲೆ ನೇರ ನಮ್ಮ ಬಾಗಿಲಿಗೆ ಬರುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ನಿಮ್ಮ ಸರೋಜತ್ತೆಯನ್ನು ಮುಂದಕ್ಕೆ ತಳ್ಳುತ್ತಿದ್ದೆ. ಅವಳಿಗೆ ಆಗ ಎಂಟು ತುಂಬಿತ್ತು. "ನಿಮ್ಮಮ್ಮಂಗೆ ಹೇಳು, ಇದು ವಠಾರ, ಬಸ್ ಸ್ಟ್ಯಾಂಡ್ ಅಲ್ಲ ಅಂತ" ಎನ್ನುತ್ತಿದ್ದರು ಅವರು. ಅವಳು ಕತ್ತು ತಿರುಗಿಸಿ, "ಅಮ್ಮಾ, ಬಸ್ ಸ್ಟ್ಯಾಂಡ್ ಅಲ್ವಂತೆ" ಎನ್ನುತ್ತಿದ್ದಳು. ತಪ್ಪಾಯಿತು, ಇನ್ನು ಮೇಲೆ ಹಾಗೆ ಮಾಡುವುದಿಲ್ಲ, ಮನೆಯವರು ಮಲಗಿದ್ದಾರೆ, ಅದಕ್ಕೇ ಹೊರಗೆ ಕಳಿಸಿದ್ದೆ ಎಂದು ನಾನು ಪಿಸುಗುಟ್ಟಿ ಮುಗಿಸುವಷ್ಟರಲ್ಲಿ ಅವಳು ಎಲ್ಲವನ್ನೂ ಸೇರಿಸಿ, "ಆಯ್ತಂತೆ" ಎಂದು ಹೇಳಿಬಿಟ್ಟಿರುತ್ತಿದ್ದಳು. ಇಷ್ಟು ಮೊಟಕು ಉತ್ತರ ಕೇಳಿ ಅವರಿಗೆ ನಾನು ಬಹಳ ಜಂಬದವಳೆಂದು ಅನ್ನಿಸಿತ್ತು.

ನನ್ನ ಕಷ್ಟ ನೋಡಿ. ನಿಮ್ಮ ತಾತನಿಗೆ ರಾತ್ರಿ ಪಾಳಿ ಬಂದ ವಾರ ಅವರು ಹಗಲು ಮಲಗಬೇಕು. ಇರುವುದು ಒಂದೇ ಕೋಣೆ, ಒಂದು ಅಡುಗೆಯ ಮೂಲೆ. ಮೂರು ಮಕ್ಕಳು ಒಳಗಿದ್ದರೆ ತಾತನ ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟು ಲೇತಿನ ಮುಂದೆ ನಿಂತು ಬೆರಳು ಕಳೆದುಕೊಂಡವರನ್ನು ನಾನೇ ನೋಡಿದ್ದೆ. ಹೊರಗೆ ಕಳಿಸಿದರೆ ಚನ್ನಪ್ಪನವರ ಶಾಂತಿ ಕೆಡುತ್ತದೆ. ಒಳಗೂ ಇರಬಾರದು, ಹೊರಗೂ ಇರಬಾರದು ಎಂದರೆ ಮಕ್ಕಳನ್ನು ಎಲ್ಲಿಡಲಿ? ಒಂದು ಮಧ್ಯಾಹ್ನ ಮೂವರನ್ನೂ ಹೊಸ್ತಿಲ ಮೇಲೆಯೇ ಕೂರಿಸಿದ್ದೆ. ಆ ಕಡೆಯಿಂದ ಸೀಟಿ, ಈ ಕಡೆಯಿಂದ ಕೆಮ್ಮು. ಕೆಮ್ಮು ನಿಮ್ಮ ತಾತನದು. ಅವರು ಮಕ್ಕಳ ಮೇಲೆ ಎಂದೂ ರೇಗಿದವರಲ್ಲ, ಕೆಮ್ಮುತ್ತಿದ್ದರು ಅಷ್ಟೇ.

ಇದೆಲ್ಲ ಸಾಲದೆಂಬಂತೆ ಮಕ್ಕಳು ಬಸ್ಸಾಟ ಶುರು ಮಾಡಿದರು. ನನ್ನ ಹಳೆಯ ಸೀರೆಯೊಂದನ್ನು ಸುತ್ತಲೂ ಹಿಡಿದುಕೊಂಡು ವಠಾರದ ಹುಡುಗರೆಲ್ಲ ಅದರೊಳಗೆ ಸೇರುವುದು. ಮುಂದೆ ನಿಮ್ಮಪ್ಪ, ಕೈಯಲ್ಲಿ ಸ್ಟೀರಿಂಗಿನ ಬದಲು ನನ್ನ ಹಿತ್ತಾಳೆ ತಟ್ಟೆ. ನಿಮ್ಮ ಗಿರಿ ಚಿಕ್ಕಪ್ಪನಿಗೆ ಆಗ ಸರಿಯಾಗಿ ಓಡಲು ಬರುತ್ತಿರಲಿಲ್ಲ, ಕೊನೆಯಲ್ಲಿ ಜೋತಾಡುತ್ತಿದ್ದ. ಚನ್ನಪ್ಪನವರು ಎದ್ದು ಒಂದು ಸೀಟಿ ಊದುತ್ತಿದ್ದರು. ಬಸ್ಸು ನಿಂತುಬಿಡುತ್ತಿತ್ತು. ಹುಡುಗರು ಉಸಿರು ಬಿಗಿಹಿಡಿದು ಕಲ್ಲಿನಂತೆ ನಿಂತಿರುತ್ತಿದ್ದರು. ಅಷ್ಟಕ್ಕೆ ಬಿಟ್ಟಿದ್ದರೆ ವಠಾರ ಸಂಜೆಯವರೆಗೂ ತಣ್ಣಗಿರುತ್ತಿತ್ತು. ಆದರೆ ಅವರು ತಮ್ಮ ಕೋಣೆಯ ಕಡೆ ತಿರುಗುವಾಗ, ಸೀಟಿ ಬಾಯಲ್ಲೇ ಇರುತ್ತಿದ್ದುದರಿಂದ, ಪೀ ಪೀ ಎಂದು ಎರಡು ಸಲ ಊದಿಬಿಡುತ್ತಿದ್ದರು. ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಬಸ್ಸು ಹತ್ತಿದ ಯಾರಿಗೆ ಇದು ಗೊತ್ತಿಲ್ಲ? ಹುಡುಗರು ಹೋ ಎಂದು ಹೊರಡುತ್ತಿದ್ದರು. ನಿಲ್ಲಿಸಿದ ಬಸ್ಸನ್ನು ನಿಂತಲ್ಲೇ ಬಿಟ್ಟು ಹೋಗುವುದು ಚನ್ನಪ್ಪನವರಿಗೆ ಜನ್ಮದಲ್ಲಿ ಅಭ್ಯಾಸವಿರಲಿಲ್ಲ. ತಾವು ಊದಿದ್ದು ಅವರಿಗೇ ತಿಳಿಯುತ್ತಿರಲಿಲ್ಲ. ನಾನು ಬಾಗಿಲ ಹಿಂದೆ ಮೊರ ಹಿಡಿದು ರಾಗಿಯಲ್ಲಿ ಕಲ್ಲು ಆರಿಸುತ್ತ ದಿನವೂ ಇದನ್ನು ನೋಡುತ್ತಿದ್ದೆ. ಹೇಳುವುದು ಹೇಗೆ? ಸರೋಜಳ ಕೈಲಿ ಹೇಳಿಸಿದರೆ ಅವಳು ಅದನ್ನು ಯಾವ ರೀತಿ ಮೊಟಕು ಮಾಡುತ್ತಾಳೋ ಎಂಬ ಭಯ.

ಒಂದು ದಿನ ಸೀಟಿ ಊದದೆಯೇ ಬಂದರು. ದನಿ ಮೆಲ್ಲಗಿತ್ತು. "ನಿಮ್ಮಮ್ಮಂಗೆ ಹೇಳು. ನಾನು ಊದಿದ್ರೆ ನಿಲ್ತಾವೆ, ಬೆನ್ನು ತಿರುಗಿಸಿದ್ರೆ ಅಣಕಿಸ್ಕೊಂಡು ಓಡ್ತಾವೆ. ಈ ವಯಸ್ನಲ್ಲಿ ಮಕ್ಳ ಕೈಲಿ ಆಡಿಸ್ಕೊಳ್ಳೋಕೆ ನನ್ ಕೈಲಾಗಲ್ಲ. ಬಾಡಿಗೆ ದಿನ ಗೌಡ್ರು ಬರ್ತಾರೆ. ಮನೆ ಖಾಲಿ ಮಾಡ್ಸಿ ಅಂತ ಹೇಳ್ತೀನಿ." ಸರೋಜ ಈ ಸಲ ಹಿಂದೆ ಸರಿದು ನನ್ನ ಸೆರಗು ಹಿಡಿದುಕೊಂಡಳು.

ಆ ಮನೆ ಹೋದರೆ ಏನಾಗುತ್ತದೆಂದು ನಮಗೆ ಗೊತ್ತಿತ್ತು. ಅದು ಸಿಗುವ ಮೊದಲು ಊರೆಲ್ಲ ಸುತ್ತಿದ್ದೆವು. ಮೂರು ಮಕ್ಕಳು ಎಂದ ತಕ್ಷಣ ಜನ ಬಾಗಿಲು ಹಾಕುತ್ತಿದ್ದರು. ಹಗಲು ಮಲಗುವ ಗಂಡಸು ಎಂದರೆ ಒಳಗಿನಿಂದ ಚಿಲಕವನ್ನೂ ಹಾಕುತ್ತಿದ್ದರು. ಇನ್ನೊಂದು ಮನೆ ಸಿಗದಿದ್ದರೆ ನಾನೂ ಮಕ್ಕಳೂ ಊರಿಗೆ ಹೋಗುವುದು, ತಾತ ಕಾರ್ಖಾನೆಯ ನಾಲ್ಕು ಜನರ ಜೊತೆ ಒಂದು ರೂಮಿನಲ್ಲಿ ಇರುವುದು ಎಂದು ಅವರೇ ಹೇಳಿದರು. ನಾನು ಹೂಂ ಎಂದೆ. ಮಕ್ಕಳ ಶಾಲೆ ಆಗಷ್ಟೇ ಶುರುವಾಗಿತ್ತು. ಸರೋಜ ಹಾಜರಿ ಕರೆದರೆ ಬೀದಿಗೆ ಕೇಳಿಸುವಂತೆ ಉತ್ತರ ಕೊಡುತ್ತಾಳೆಂದು ಅವಳ ಟೀಚರು ಹೇಳಿದ್ದರು. ಆ ವಾರವೆಲ್ಲ ಮಕ್ಕಳನ್ನು ಒಳಗೇ ಕೂರಿಸಿ, ಬಾಯಿಯ ಮೇಲೆ ಬೆರಳಿಟ್ಟುಕೊಂಡೇ ಅಡುಗೆ ಮಾಡಿದೆ. ಒಂದು ಕೈಯಲ್ಲಿ ಮುದ್ದೆ ಕಟ್ಟಿದರೆ ಎಂಥ ಮುದ್ದೆ ಬರುತ್ತದೆಂದು ಆಗ ತಿಳಿಯಿತು.

ಗೌಡರು ಒಂದು ದಿನ ಮುಂಚೆಯೇ ಬಂದುಬಿಟ್ಟರು. ಮಾರನೆಯ ದಿನ ಅವರಿಗೆ ಆನೇಕಲ್ಲಿನಲ್ಲಿ ಯಾವುದೋ ಮದುವೆ. ಅವತ್ತೇ ಕಾರ್ಖಾನೆಯಲ್ಲಿ ಬದಲಿ ಆಳು ಬಾರದೆ ನಿಮ್ಮ ತಾತ ಇನ್ನೊಂದು ಪಾಳಿಗೂ ನಿಂತಿದ್ದರು. ಅವರು ಮನೆಯಲ್ಲಿಲ್ಲವಲ್ಲ ಎಂದು ನಾನು ಮಕ್ಕಳನ್ನು ಅಂಗಳಕ್ಕೆ ಬಿಟ್ಟಿದ್ದೆ. ಗೌಡರು ಸೈಕಲ್ ನಿಲ್ಲಿಸುವಾಗ ಬಸ್ಸು ಅವರ ಎದುರಿಗೇ ಹಾದುಹೋಯಿತು. ಸಾಕ್ಷಿ ತಾನಾಗಿಯೇ ನಡೆದುಬಂದದ್ದು ನೋಡಿ ಚನ್ನಪ್ಪನವರು ಎಲ್ಲವನ್ನೂ ಹೇಳಿದರು. ಹೇಳುತ್ತ ಅವರ ಕಣ್ಣಲ್ಲಿ ನೀರು ಬಂದಂತೆ ನನಗೆ ಕಂಡಿತು, ಅದು ಇನ್ನೂ ಕಷ್ಟವಾಯಿತು. ಗೌಡರು ನಮ್ಮ ಬಾಗಿಲಿಗೆ ಬಂದು, "ನೋಡವ್ವ, ಇಂಗಾದ್ರೆ ಎಂಗೆ? ದೊಡ್ಡೋರಿಗೆ ಮರ್ವಾದೆ ಇಲ್ದಂಗಾತು. ನಿಮ್ಮೆಜಮಾನ್ರಿಗೆ ಯೋಳು, ಮುಂದಿನ ತಿಂಗ್ಳು ಬ್ಯಾರೆ ಕಡೆ ನೋಡ್ಕಳಿ" ಎಂದರು.

ಸರೋಜ ನನ್ನ ಮುಖ ನೋಡಿದಳು. ಅವಳಿಗೆ ಏನಾದರೂ ಹೇಳಿಕೊಡಬೇಕೆಂದು ಬಗ್ಗಿದೆ. ಬಗ್ಗಿದವಳು ಅದು ಹೇಗೋ ಹೊಸ್ತಿಲು ದಾಟಿ ಹೊರಗೆ ನಿಂತಿದ್ದೆ. ಕೈಯಲ್ಲಿ ಮೊರ ಹಾಗೇ ಇತ್ತು. "ಗೌಡ್ರೇ, ಮಕ್ಳು ತಾವಾಗಿ ಓಡಲ್ಲ. ಅವರೇ ಎರಡು ಸಲ ಊದಿ ರೈಟ್ ಕೊಡ್ತಾರೆ" ಎಂದೆ. ಅದು ನನ್ನ ದನಿಯೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ನಾನಾ?" ಎಂದರು ಚನ್ನಪ್ಪನವರು. "ಎಲ್ಲಾದ್ರೂ ಇದೆಯಾ ಗೌಡ್ರೇ? ಓಡ್ಲಿ ಅಂತ ನಾನೇ ಊದ್ತೀನಾ?"

"ಆಯ್ತು, ಊದಿ ನೋಡಾನ" ಎಂದರು ಗೌಡರು. ಚನ್ನಪ್ಪನವರು ಒಂದು ಸಲ ಊದಿದರು. ಬಸ್ಸು ನಿಂತಿತು. ನಿಮ್ಮಪ್ಪ ತಟ್ಟೆ ಹಿಡಿದುಕೊಂಡು ರೆಪ್ಪೆಯನ್ನೂ ಬಡಿಯಲಿಲ್ಲ. ಎಲ್ಲರೂ ಕಾದೆವು. ಚನ್ನಪ್ಪನವರು ಸೀಟಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಕೈಕಟ್ಟಿ ನಿಂತುಬಿಟ್ಟರು. ಬೆನ್ನು ತಿರುಗಿಸಲಿಲ್ಲ, ಊದಲಿಲ್ಲ. ವಠಾರದ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ನನ್ನ ಮಾತು ಸುಳ್ಳಾಗುತ್ತಿತ್ತು. ಜೀವಮಾನದಲ್ಲಿ ಮೊದಲ ಬಾರಿ ಬಾಯಿ ಬಿಟ್ಟು, ಅದೂ ಚಾಡಿ ಹೇಳಿದವಳೆನ್ನಿಸಿಕೊಂಡು ಮನೆ ಕಳೆದುಕೊಳ್ಳುವ ಗಳಿಗೆ ಬಂತೆಂದುಕೊಂಡೆ. ಕೈಯಲ್ಲಿದ್ದ ಮೊರ ವಾಲಿ ರಾಗಿ ನೆಲಕ್ಕೆ ಚೆಲ್ಲತೊಡಗಿತು. ಗೌಡರು ನನ್ನನ್ನೊಮ್ಮೆ ನೋಡಿ ಸೈಕಲ್ಲಿನ ಕಡೆ ನಡೆದರು. ಹ್ಯಾಂಡಲ್ ಹಿಡಿದು, "ಬತ್ತೀನಿ ಕಣ್ರಪ್ಪ" ಎಂದು ಪೆಡಲಿನ ಮೇಲೆ ಕಾಲಿಟ್ಟರು.

ಪೀ ಪೀ.

ಸೈಕಲ್ಲೇ ಆಗಲಿ, ಗಾಡಿಗೆ ಜನ ಹತ್ತಿದ ಮೇಲೆ ಚನ್ನಪ್ಪನವರಿಂದ ತಡೆಯಲಾಗಲಿಲ್ಲ. ಬಸ್ಸು ಹೋ ಎಂದು ಹೊರಟು ನೇರ ಗೌಡರ ಸೈಕಲ್ಲನ್ನೂ ಸೀರೆಯೊಳಗೆ ಸೇರಿಸಿಕೊಂಡಿತು. ಗೌಡರು ಗೇಟಿಗೆ ಆತುಕೊಂಡು ನಿಂತರು. ಕೆಲಸ ಕೆಟ್ಟಿತೆಂದುಕೊಂಡೆ. ಅವರ ಹೊಟ್ಟೆ ಕುಲುಕುತ್ತಿತ್ತು. ನಕ್ಕು ನಕ್ಕು ಟವೆಲಿನಲ್ಲಿ ಕಣ್ಣೊರೆಸಿಕೊಂಡು, "ಚನ್ನಪ್ಪೋರೆ, ಪೀಪಿ ಇತ್ಲಾಗ್ ಕೊಡಿ. ಇವ್ರು ಇರ್ಲಿ ಬುಡಿ" ಎಂದು ಸೀಟಿಯನ್ನು ಜೇಬಿಗೆ ಹಾಕಿಕೊಂಡು ಹೋದರು. ಚನ್ನಪ್ಪನವರು ಕೊರಳಿನ ಖಾಲಿ ಜಾಗವನ್ನು ಸವರಿಕೊಳ್ಳುತ್ತ ಒಳಗೆ ಹೋದರು. ನಾನು ರಾಗಿ ಬಳಿಯುತ್ತ ಅಲ್ಲೇ ಕೂತು ಬಹಳ ಹೊತ್ತು ಅತ್ತೆ. ನಿಮ್ಮ ತಾತ ಬಂದಾಗ ಸರೋಜ ಎಲ್ಲವನ್ನೂ ಒಂದೇ ಮಾತಿನಲ್ಲಿ ಹೇಳಿದಳು: "ಅಮ್ಮ ಮಾತಾಡಿದ್ಳು." ತಾತ ನಂಬಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಗೌಡರ ಎದುರು ಮಾತಾಡಿ ಗೆದ್ದವಳೆಂದು ನನಗೆ ಹೆಸರು ಬಂದುಬಿಟ್ಟಿತು. ಎದುರು ಮನೆಯವರು ಚರಂಡಿಯ ವಿಷಯಕ್ಕೆ ಬಂದರು, ಮೂಲೆ ಮನೆಯವರು ಹೆಂಚಿನ ವಿಷಯಕ್ಕೆ. ಮೊದಮೊದಲು ಬಾಗಿಲ ಹಿಂದಿನಿಂದಲೇ ಕೇಳಿಸಿಕೊಂಡೆ. ಆಮೇಲೆ ಅರ್ಧ ಬಾಗಿಲು ತೆರೆದೆ. ಮಳೆಗಾಲ ಜೋರಾದಾಗ ಸ್ವತಃ ಚನ್ನಪ್ಪನವರೇ ಬಂದು, ಸರೋಜಳನ್ನು ಕರೆಯದೆ, ಮೆಟ್ಟಿಲ ಮೇಲೆ ಕೂತರು. "ನನ್ ಕೋಣೆ ಸೋರ್ತದೆ ಕಣಮ್ಮ. ನಾನು ಹೇಳಿದ್ರೆ ಗೌಡ್ರು ಕಿವಿಗೇ ಹಾಕ್ಕೊಳ್ಳಲ್ಲ. ನೀವೊಂದು ಮಾತು ಹೇಳ್ಬೇಕು" ಎಂದರು. ಯಾವ ಕಡೆ ಸೋರುತ್ತದೆ ಎಂದು ಕೇಳಿದೆ. ಅಲ್ಲಿಂದ ಮಾತು ತಗಡಿಗೆ, ತಗಡಿನಿಂದ ಅವರ ಹಳೆಯ ಬಸ್ಸುಗಳಿಗೆ, ಬಸ್ಸಿನಿಂದ ನಮ್ಮೂರ ರಸ್ತೆಗೆ ಹೋಯಿತು. ನಾನೂ ಏನೇನೋ ಹೇಳಿದೆ. ಮೂವತ್ತು ವರ್ಷ ಒಳಗೇ ಇದ್ದ ಮಾತು, ಬಂದದ್ದೆಲ್ಲ ಒಟ್ಟಿಗೇ ಬಂತು. ಒಳಗೆ ಕೆಮ್ಮು ಕೇಳಿಸಿತು. ಮಕ್ಕಳ ಕಡೆ ತಿರುಗಿದೆ. ಮೂವರೂ ಸದ್ದಿಲ್ಲದೆ ಸ್ಲೇಟಿನ ಮೇಲೆ ಬರೆಯುತ್ತ, ಗೀಚುತ್ತ ಕೂತಿದ್ದರು.

ರಾತ್ರಿ ಪಾಳಿ ಮುಗಿಸಿ ಮಲಗಿದ್ದ ನಿಮ್ಮ ತಾತ ಎದ್ದು ಹೊಸ್ತಿಲಿಗೆ ಬಂದರು. ಮಕ್ಕಳಿಗೆ ಒಂದು ದಿನವೂ ಅನ್ನದ ಮಾತನ್ನು ನನಗೆ ಅಂದರು. "ಸ್ವಲ್ಪ ಹೊರಗೆ ಹೋಗಿ ಮಾತಾಡೇ, ನಿದ್ದೆ ಮಾಡ್ಬೇಕು."

ನಾನು ಮೊರ ಎತ್ತಿಕೊಂಡು ಅಂಗಳಕ್ಕೆ ಹೋಗಿ ಕೂತೆ. ಮಾತು ಅರ್ಧಕ್ಕೆ ನಿಂತಿತ್ತು, ಮುಗಿಸಬೇಕಿತ್ತಲ್ಲ.