ಹೆಂಡತಿಯ ಬೈಗುಳಕ್ಕೊಂದು ಮೈಕು

ಹೆಂಡತಿಯ ದನಿ ಸ್ವಲ್ಪ ಕಡಿಮೆಯಾಗಲಿ ದೇವರೇ ಎಂದು ಕೈಮುಗಿಯುವ ಗಂಡಸರನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಹೆಂಡತಿಯ ದನಿಗೆ ತಕ್ಕ ಮೈಕು ಹುಡುಕಿಕೊಂಡು ಊರೂರು ಅಲೆದ ಗಂಡಸನ್ನು ಕಂಡಿದ್ದೀರಾ? ಇಲ್ಲ ತಾನೆ? ಹಾಗಾದರೆ ನೀವು ನಮ್ಮ ಸೋದರಮಾವನನ್ನು ಕಂಡಿಲ್ಲ!

ಅದೂ ಎಂಥ ದನಿಗೆ ಅಂತೀರಿ! ಮಾವನದು ನ್ಯಾಮತಿಯಲ್ಲಿ ಹಿಟ್ಟಿನ ಗಿರಣಿ. ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ. ಮದುವೆಯಾಗಿ ಬಂದಾಗ ನಮ್ಮತ್ತೆ ಬಾಯಿ ಬಿಟ್ಟರೂ ಕೇಳಿಸದಷ್ಟು ಮೆಲ್ಲಗೆ ಮಾತಾಡುತ್ತಿದ್ದರಂತೆ. ನಮ್ಮಮ್ಮ ಆಣೆ ಮಾಡಿ ಹೇಳುತ್ತಾರೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ಗಿರಣಿಯ ಗದ್ದಲ ದಾಟಿ "ಏನ್ರೀ, ಊಟಕ್ಕೆ ಬರ್ರೀ" ಅನ್ನುವುದು ಗಂಡನ ಕಿವಿಗೆ ಬೀಳಬೇಕಲ್ಲ? ಅತ್ತೆ ದನಿಯನ್ನು ದಿನಕ್ಕಿಷ್ಟು ಏರಿಸುತ್ತಾ ಹೋದರು. ಅದೇ ಗದ್ದಲಕ್ಕೆ ಮಾವನ ಕಿವಿ ದಿನಕ್ಕಿಷ್ಟು ಮಂದವಾಗುತ್ತಾ ಹೋಯಿತು. ಹೀಗೆ ಇಬ್ಬರೂ ಇಪ್ಪತ್ತೆರಡು ವರ್ಷ ಪೈಪೋಟಿ ನಡೆಸಿದ ಮೇಲೆ, ಎಂಬತ್ತರ ದಶಕದ ಶುರುವಿನಲ್ಲಿ, ನಾನು ಅಲ್ಲಿನ ಪ್ರೈಮರಿ ಶಾಲೆಗೆ ಟೀಚರಾಗಿ ಬಂದು ಅವರ ಮನೆಯಲ್ಲೇ ಉಳಿದುಕೊಂಡೆ. ಅತ್ತೆ ಅಡುಗೆಮನೆಯಲ್ಲಿ ಬೈಯಲು ಶುರು ಮಾಡಿದರೆ ಎರಡು ಬೀದಿ ಆಚೆಗಿನ ಶಾಲೆಯಲ್ಲಿ ನಾನು ಮಗ್ಗಿ ಹೇಳಿಸುವುದನ್ನು ನಿಲ್ಲಿಸಬೇಕಾಗುತ್ತಿತ್ತು. ಉತ್ಪ್ರೇಕ್ಷೆ ಅಲ್ಲ. ಸರಿ, ಸ್ವಲ್ಪ ಉತ್ಪ್ರೇಕ್ಷೆ.

ಆ ವರ್ಷ ಅತ್ತೆಯ ಕುತ್ತಿಗೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟೊಂದು ಕಾಣಿಸಿಕೊಂಡಿತು. ದಾವಣಗೆರೆಯ ಡಾಕ್ಟರು ಇದ್ದದ್ದನ್ನು ಇದ್ದಹಾಗೆ ಹೇಳುವವರು. "ಜೀವಕ್ಕೇನೂ ಭಯ ಇಲ್ಲಮ್ಮ. ಆಪರೇಶನ್ ಮಾಡಿ ತೆಗೆದುಬಿಡೋಣ. ಆದ್ರೆ ದನಿಯ ನರ ಅದರ ಪಕ್ಕದಲ್ಲೇ ಹಾದುಹೋಗೈತೆ. ದನಿ ಒಡೀಬಹುದು, ಹೋಗಲೂಬಹುದು, ಏನೂ ಆಗದೇನೂ ಇರಬಹುದು. ಈಗಲೇ ಹೇಳಾಕಾಗಲ್ಲ" ಅಂದರು. ಒಂದು ತಿಂಗಳು ಬಿಟ್ಟು ಬರಲು ಹೇಳಿ ಕಳಿಸಿದರು.

ನಾನೂ ಜೊತೆಗೆ ಹೋಗಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹೊನ್ನಾಳಿ ದಾಟಿತು. ಆಮೇಲೆ ಮಾವ ನನ್ನತ್ತ ಬಾಗಿ ಪಿಸುಗುಟ್ಟಿದರು. ಅವರ ಕಿವಿಯ ಲೆಕ್ಕದಲ್ಲಿ ಅದು ಪಿಸುಮಾತು, ಬಸ್ಸಿನವರ ಲೆಕ್ಕದಲ್ಲಿ ಕೂಗು!

"ಟೀಚರಮ್ಮಾ, ಒಂದು ಒಳ್ಳೆ ಮೈಕ್ ತರಬೇಕು. ಇವಳ ದನೀನ ಹಿಡಿದಿಟ್ಕಬೇಕು."

ಇಡೀ ಬಸ್ಸು ತಿರುಗಿ ಅತ್ತೆಯನ್ನು ನೋಡಿತು.

ಮನೆಯಲ್ಲಿ ಟೇಪ್‌ರೆಕಾರ್ಡರ್ ಇತ್ತು, ಅದರ ಹೊಟ್ಟೆಯೊಳಗೆ ಒಂದು ಮೈಕೂ ಇತ್ತು. ಆದರೆ ಅದು ಎದುರಿಗಿದ್ದವರ ಮಾತಿಗಿಂತ ತನ್ನದೇ ಮೋಟರಿನ ಗೊರಗೊರವನ್ನು ಹೆಚ್ಚು ಪ್ರೀತಿಯಿಂದ ಹಿಡಿಯುತ್ತಿತ್ತು. ಹಾಗಾಗಿ ಬೇರೆ ಮೈಕು ಬೇಕೇ ಬೇಕು. ಮಾವ ತಮಗೆ ತಾವೇ ಎರಡು ಷರತ್ತು ಹಾಕಿಕೊಂಡರು. ಮೈಕಿನ ಬೆಲೆ ಗಿರಣಿಯ ಹೊಸ ಬೆಲ್ಟಿನ ಬೆಲೆಗಿಂತ ಹೆಚ್ಚಿರಬಾರದು. ದನಿ ಮಾತ್ರ ಅವಳದೇ ಆಗಿರಬೇಕು, ಯಾರದೋ ಅನ್ನಿಸಬಾರದು.

"ಅತ್ತೆ ಹಾಡೋದನ್ನ ರೆಕಾರ್ಡ್ ಮಾಡ್ತೀರಾ ಮಾವ?" ಅಂತ ಕೇಳಿದೆ.

"ಅವಳಿಗೆಲ್ಲಿ ಹಾಡು ಬರ್ತೈತೆ? ಬೈಯೋದು ಕಣವ್ವಾ, ಬೈಯೋದು!"

ಮೈಕು ಪರೀಕ್ಷೆ ಮಾಡಲು ಅಸಲಿ ದನಿ ಬೇಕಲ್ಲ? ಅತ್ತೆಯನ್ನು ಕರೆದರು. "ನನ್ನ ಕರ್ಕಂಡೋಗಿ ಅಂಗಡಿ ಅಂಗಡೀಲಿ ಬೈಸ್ತೀರೇನ್ರೀ? ತಲೆ ಸರಿಯಾಗೈತಾ?" ಎಂದು ಅತ್ತೆ ಅಲ್ಲೇ ಒಂದು ಸ್ಯಾಂಪಲ್ ಕೊಟ್ಟು ಒಳಗೆ ಹೋದರು. ಮಾವ ಸೋಲುವವರೇ? ಅಡುಗೆಮನೆಯ ಪಾತ್ರೆಗಳನ್ನೆಲ್ಲ ಸೌಟಿನಿಂದ ಬಾರಿಸುತ್ತಾ ಕೂತರು. ಕೊನೆಗೆ ಒಂದು ಹಿತ್ತಾಳೆ ತಾಟು ಠಣ್ ಎಂದಿತು. "ಇದೇ! ಅವಳಿಗೆ ಸಿಟ್ಟು ಬಂದಾಗ ಮೊದಲ ಮಾತು ಹಿಂಗೇ ಇರ್ತೈತೆ" ಎಂದು ಕುಣಿದರು. ಅವತ್ತಿನಿಂದ ಪ್ರತಿ ಭಾನುವಾರ ಅತ್ತೆಯ ಬದಲು ತಾಟು, ಮಾವನ ಕಿವಿಯ ಬದಲು ನಾನು, ಬಗಲಲ್ಲಿ ಟೇಪ್‌ರೆಕಾರ್ಡರ್, ಹೀಗೆ ನಮ್ಮ ಸವಾರಿ ಹೊರಡತೊಡಗಿತು.

ಮೊದಲು ಹೊನ್ನಾಳಿ. ಅಲ್ಲೊಬ್ಬ ಮೈಕ್‌ಸೆಟ್ಟಿನವನು ನಾಟಕಗಳಿಗೆ ಬಾಡಿಗೆ ಕೊಟ್ಟೂ ಕೊಟ್ಟೂ ಸವೆದ ಮೈಕೊಂದನ್ನು ತೆಗೆದ. ಎಷ್ಟು ಮಂದಿ ಬೀಡಿ ಸೇದಿದ ಬಾಯಲ್ಲಿ ಅದರೊಳಕ್ಕೆ ಅಬ್ಬರಿಸಿದ್ದರೋ, ಹತ್ತಿರ ಹೋದರೇ ಕೆಮ್ಮು ಬರುತ್ತಿತ್ತು. ಮಾವ ತಾಟು ಬಾರಿಸಿದರು. ಕ್ಯಾಸೆಟ್ಟಿನಲ್ಲಿ ಗುಡುಗು ಕೇಳಿಸಿತು. "ಬ್ಯಾಡಪ್ಪಾ, ಇದರಾಗೆ ನಮ್ಮನೆಯೋಳು ಮಾತಾಡಿದ್ರೆ ರಾವಣನ ಪಾರ್ಟ್ ಮಾಡಿದಂಗೆ ಕೇಳ್ತೈತೆ" ಅಂದರು. ಅವನು, "ಬೈಯಾಕೆ ಅಂದ್ರಲ್ಲ ಸ್ವಾಮೀ, ಇದೇ ಸರಿ" ಅಂದ. ಮಾವ ಮುಖ ಗಂಟಿಕ್ಕಿಕೊಂಡು ಬಸ್ಸು ಹತ್ತಿದರು.

ಮುಂದಿನ ಭಾನುವಾರ ಚನ್ನಗಿರಿ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಪುಟ್ಟದೊಂದು ಮೈಕಿತ್ತು. ಬಲು ಅಗ್ಗ, ಅರ್ಧ ಬೆಲ್ಟಿನ ಬೆಲೆಯೂ ಇಲ್ಲ! ಮಾವ ಖುಷಿಯಿಂದ ಅಂಗಡಿಯ ಮೆಟ್ಟಿಲ ಮೇಲೆ ಕೂತು ತಾಟು ಬಾರಿಸಿದ್ದೇ ಬಾರಿಸಿದ್ದು. ಮೈಕಿನಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳಿಸಿತು ಅಷ್ಟೇ. ಆದರೆ ಬೀದಿಗೆ ಚೆನ್ನಾಗಿಯೇ ಕೇಳಿಸಿತ್ತು. ಎದುರು ಮನೆಯಿಂದ ಹೆಂಗಸೊಬ್ಬರು ಎರಡು ಹಂಡೆ ಹೊರಿಸಿಕೊಂಡು ಬಂದು, "ಕಲಾಯಿ ಹಾಕಾಕೆ ಏನ್ ತಗಂತೀರಿ?" ಅಂದರು. ಮಾವ ಪೆಚ್ಚಾಗಲಿಲ್ಲ. ಅವರ ಮುಖವನ್ನೇ ನೋಡಿ, "ಅಕ್ಕಾ, ನಿಮ್ಮ ದನಿ ಗಟ್ಟಿ ಐತಲ್ಲ, ಇದರಾಗೆ ಒಂದೆರಡು ಮಾತು ಬೈತೀರಾ?" ಅಂತ ಮೈಕು ಹಿಡಿದರು! ಆ ತಾಯಿ ನಿಜವಾಗಿಯೂ ಬೈದರು. ಮೈಕು ಅದನ್ನೂ ಸರಿಯಾಗಿ ಹಿಡಿಯಲಿಲ್ಲ.

ತಿಂಗಳಲ್ಲಿ ಅರ್ಧ ಮುಗಿದಿತ್ತು. ಮಾವ ರಾತ್ರಿ ಊಟಕ್ಕೆ ಕೂತರೆ ಅನ್ನ ಕಲಸುತ್ತಾ ಅತ್ತೆಯ ಕುತ್ತಿಗೆಯನ್ನೇ ನೋಡುತ್ತಿದ್ದರು. ಮೈಕು ಸಿಗದೆ ಆಪರೇಶನ್ ಆಗಿ, ದನಿಯೂ ಹೋಗಿಬಿಟ್ಟರೆ? ನನಗೂ ಆಗ ಭಯವಾಗತೊಡಗಿತು.

ಯಾರೋ ಹೇಳಿದರೆಂದು ಮೂರನೆಯ ಭಾನುವಾರ ಜಗಳೂರಿಗೆ ಹೋದೆವು. ಅಲ್ಲಿ ಹಿರಿಯರೊಬ್ಬರು ಮೈಕ್‌ಸೆಟ್ ವ್ಯಾಪಾರ ಬಿಟ್ಟು ಕಂಬಳಿ ಅಂಗಡಿ ಇಟ್ಟಿದ್ದರು. ಹಳೆಯ ಸಾಮಾನಿನಲ್ಲಿ ಉಳಿದಿದ್ದ ಮೈಕೊಂದನ್ನು ಸುತ್ತಿದ್ದ ಬಟ್ಟೆ ಬಿಚ್ಚಿ ಕೊಟ್ಟರು. ಠಣ್! ಕ್ಯಾಸೆಟ್ಟಿನಲ್ಲೂ ಅದೇ ಠಣ್! ನಾನು ತಲೆಯಾಡಿಸಿದೆ. ಮಾವನ ಕಣ್ಣು ಅರಳಿತು. ಆದರೆ ಬೆಲೆ ಎರಡು ಬೆಲ್ಟಿನದು. ಮಾವ ಏನನ್ನೂ ಮುಚ್ಚಿಡದೆ ಗಂಟು, ಡಾಕ್ಟರು, ದನಿಯ ನರ ಎಲ್ಲವನ್ನೂ ಹೇಳಿದರು. ಹಿರಿಯರು ಮೈಕನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತಾ, "ಹೆಂಡ್ತಿ ಬೈಗುಳ ಕಾಪಾಡಾಕೆ ಮೈಕ್ ಕೇಳಿದೋರು ನೀವೊಬ್ರೇ. ತಗಂಡೋಗ್ರಿ, ಒಂದು ಬೆಲ್ಟಿಂದೇ ಕೊಡ್ರಿ" ಅಂದರು. ಎಷ್ಟಾದರೂ ವ್ಯಾಪಾರಸ್ಥರು ನೋಡಿ, "ಗೋಡೆಗೆ ಕಂಬಳಿ ಕಟ್ಟಿದ್ರೆ ದನಿ ಮೊಳಗಲ್ಲ" ಎಂದು ನಾಲ್ಕು ಕಂಬಳಿಯನ್ನೂ ಮಾರಿಯೇ ಕಳಿಸಿದರು.

ಜೋಳದ ಕೋಣೆ ಖಾಲಿಯಾಗಿ ಸ್ಟುಡಿಯೋ ಆಯಿತು. ನಾಲ್ಕು ಗೋಡೆಗೂ ಕಂಬಳಿ. ಒಳಗೆ ಹೋದವರು ಬೆವರಿ ಬೆಂದು ಹೊರಗೆ ಬರುತ್ತಿದ್ದರು. ಆದರೆ ಪಕ್ಕದ ಗಿರಣಿಯ ಸದ್ದಿಗೆ ಯಾವ ಕಂಬಳಿ ತಡೆ? ಗಿರಾಕಿಗಳ ಸಾಲು ಕರಗುತ್ತಲೇ ಇರಲಿಲ್ಲ, ಹಾಗಾಗಿ ಕರೆಂಟು ಹೋದರೆ ಮಾತ್ರ ಗಿರಣಿ ನಿಲ್ಲುತ್ತಿತ್ತು, ಟೇಪ್‌ರೆಕಾರ್ಡರಿಗೆ ಸೆಲ್ಲು ಇತ್ತು. ಕರೆಂಟು ಹೋದಾಗ ಊರೆಲ್ಲ ಶಾಪ ಹಾಕಿದರೆ ಮಾವ ಒಬ್ಬರೇ "ಬಂತು ಬಂತು!" ಎಂದು ಓಡಿ ಬರುತ್ತಿದ್ದರು. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಅತ್ತೆಯನ್ನು ಮೈಕಿನ ಮುಂದೆ ಕೂರಿಸಿದೆವು. ಅವರು ಸೆರಗು ಸರಿಮಾಡಿಕೊಂಡು, ಕೈಜೋಡಿಸಿ, "ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮದ ಬಗ್ಗೆ ಕಾಗದ ಬರೆಯಿರಿ" ಅಂದರು. ಮಾವ ತಲೆ ಮೇಲೆ ಕೈಹೊತ್ತರು. "ಬೈಯೇ!" "ಯಾಕೆ ಬೈಯ್ಲಿ? ಸುಮ್ಸುಮ್ನೆ ಬೈಯಾಕೆ ನಾನೇನು ಹುಚ್ಚೀನಾ?"

ಹಾಗಾದರೆ ಕಾರಣ ಒದಗಿಸಬೇಕು! ಮಾವ ಮೊದಲು ಚಪ್ಪಲಿ ಕಾಲಲ್ಲಿ ಅಡುಗೆಮನೆಗೆ ನುಗ್ಗಿದರು. ಅತ್ತೆ ಬೈದರು, ಸೊಗಸಾಗಿಯೇ ಬೈದರು, ಆದರೆ ನಾನು ಕೆಂಪು ಗುಂಡಿ ಒತ್ತುವುದನ್ನೇ ಮರೆತಿದ್ದೆ. ಎರಡನೆಯ ಸಲ ಹೆಪ್ಪಾಗುತ್ತಿದ್ದ ಮೊಸರನ್ನು ಬೆಕ್ಕಿಗೆ ಇಟ್ಟರು. "ನಿಮಗೇನು ಬುದ್ಧಿ" ಅನ್ನುವಷ್ಟರಲ್ಲಿ ಕರೆಂಟು ಬಂದು, ಉಳಿದದ್ದೆಲ್ಲ ಬರೀ ಗಿರಣಿ. ಆಪರೇಶನ್ನಿಗೆ ನಾಲ್ಕೇ ದಿನ ಉಳಿದಿತ್ತು. ಆಗ ಮಾವ ಯಾವ ಗಂಡಸೂ ಮಾಡಬಾರದ ಕೆಲಸ ಮಾಡಿದರು. ಒಗೆದು ಒಣಹಾಕಿದ್ದ ಅತ್ತೆಯ ಒಳ್ಳೆಯ ಸೀರೆಗೆ ಗಿರಣಿಯ ಗ್ರೀಸು ಮೆತ್ತಿದ ಕೈಗಳನ್ನು ಒರೆಸಿ, ನೇರ ಸ್ಟುಡಿಯೋದೊಳಕ್ಕೆ ಓಡಿದರು. ಹಿಂದೆಯೇ ಅತ್ತೆ!

ಇಪ್ಪತ್ತು ನಿಮಿಷ. ಈ ಸಲ ಕರೆಂಟೂ ಬರಲಿಲ್ಲ, ನಾನು ಕೆಂಪು ಗುಂಡಿಯನ್ನೂ ಮರೆಯಲಿಲ್ಲ. ಮಾವನ ವಂಶ, ಗಿರಣಿ, ತಾಟು, ಮದುವೆಗೆ ತಡವಾಗಿ ಬಂದ ದಿಬ್ಬಣ, ಒಂದನ್ನೂ ಬಿಡಲಿಲ್ಲ. ಮಾವ ಕೈಕಟ್ಟಿಕೊಂಡು, ಆನಂದದಿಂದ ನಿಂತಿದ್ದರು. ಅತ್ತೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ "ಹೂಂ, ಆಮೇಲೆ?" ಅನ್ನುತ್ತಿದ್ದರು. ಅದಕ್ಕೆ ಮತ್ತಷ್ಟು!

ಸಂಜೆ ಕ್ಯಾಸೆಟ್ ಹಾಕಿದೆವು. ಅತ್ತೆ ತಮ್ಮ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. "ಇದ್ಯಾವಳ್ರೀ ಈ ಬಜಾರಿ?" ಅಂದರು.

"ನೀನೇ."

"ಥೂ! ಹಿಂಗೈತಾ ನನ್ನ ದನಿ? ಹೋದ್ರೆ ಹೋಗ್ಲಿ ಬಿಡ್ರಿ, ಬೀದಿಯೋರಿಗಾದ್ರೂ ನೆಮ್ಮದಿ!"

ನಾನು ನಕ್ಕೆ. ಮಾವ ನಗಲಿಲ್ಲ. "ಹಂಗನ್ನಬ್ಯಾಡ ಕಣೇ. ನೀನು ಕರೀದಿದ್ರೆ ಊಟದ ಹೊತ್ತಾಯ್ತು ಅಂತ ನನಗೆ ಹೆಂಗೆ ಗೊತ್ತಾಗಬೇಕು?" ಅಂದರು. ಅತ್ತೆ ಎದ್ದು ಒಲೆಯ ಮುಂದೆ ಹೋಗಿ ಕೂತರು. ಅವರು ಅಳುತ್ತಿದ್ದರು.

ಆಪರೇಶನ್ ಆಯಿತು. ಎರಡು ದಿನ ಬಾಯಿ ಬಿಡಕೂಡದು ಅಂದಿದ್ದರು ಡಾಕ್ಟರು. ಅತ್ತೆ ಕೈಯಲ್ಲೇ ಬೈದರು, ಕಣ್ಣಲ್ಲೇ ಬೈದರು. ಮಾವ ಮಂಚದ ಪಕ್ಕ ಬ್ಯಾಗು ತಬ್ಬಿಕೊಂಡು ಕೂತಿದ್ದರು. ಒಳಗೆ ಟೇಪ್‌ರೆಕಾರ್ಡರ್, ಕ್ಯಾಸೆಟ್. ಒಂದು ಸಲವೂ ಹಾಕಲಿಲ್ಲ. ಹಾಕಲು ಧೈರ್ಯವೇ ಇರಲಿಲ್ಲ ಅಂತ ಆಮೇಲೆ ಹೇಳಿದರು.

ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಬಂದು, "ಎಲ್ಲಿ ತಾಯಿ, ಏನಾದ್ರೂ ಒಂದು ಮಾತಾಡ್ರಿ ನೋಡಾಣ" ಅಂದರು. ಮಾವ ಬಾಗಿಲ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತುಬಿಟ್ಟರು. ಅತ್ತೆ ಎಂಜಲು ನುಂಗಿ, ಬಾಯಿ ತೆರೆದು, ಒಂದು ಹೆಸರು ಹೇಳಿದರು.

ಮಾವನ ಹೆಸರು!

ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದುಂಟೇ? ಮದುವೆಯ ದಿನ ಎಲ್ಲರೂ ಸೇರಿ ಬಲವಂತದಿಂದ ಹೇಳಿಸಿದ್ದು ಬಿಟ್ಟರೆ ಅತ್ತೆಯ ಬಾಯಲ್ಲಿ ಅದು ಬಂದೇ ಇರಲಿಲ್ಲ. ಮೊದಲು ಸ್ವಲ್ಪ ಗೊಗ್ಗರಾಗಿ ಹೊರಟಿತು, ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಅದೇ ಹಳೆಯ ದನಿ! ಅತ್ತೆ ಯಾರನ್ನು ಕರೆದರೋ ಎಂದು ಮಾವ ಅತ್ತಿತ್ತ ನೋಡಿದರು. ಅವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ದನಿ ಎಲ್ಲೂ ಹೋಗಿಲ್ಲ ಬಿಡ್ರಿ, ಗಟ್ಟಿ ಐತೆ!" ಎಂದು ಡಾಕ್ಟರು ನಕ್ಕರು. ಅಬ್ಬಾ!

"ಎರಡು ದಿನ ಬಾಯಿ ಮುಚ್ಕಂಡು ಯೋಚ್ನೆ ಮಾಡಿದೆ ಕಣವ್ವಾ," ಅತ್ತೆ ನನ್ನ ಕೈ ಹಿಡಿದು ಹೇಳಿದರು. "ದನಿ ಹೋದ್ರೆ ಹೇಳಾಕೆ ಏನು ಉಳೀತೈತೆ ಅಂತ. ಬೈಯೋದೆಲ್ಲ ಬೈದಾಗಿತ್ತು. ಇದೊಂದೇ ಉಳಿದಿತ್ತು."

"ಮಾವಾ, ರೆಕಾರ್ಡ್ ಮಾಡ್ಲಿಲ್ವಲ್ಲ!" ಅಂದೆ. ಮಾವನಿಗೆ ನನ್ನ ಮಾತು ಬೇಕಿರಲಿಲ್ಲ. ಬ್ಯಾಗನ್ನು ನೆಲದ ಮೇಲೆ ಬಿಟ್ಟು ಮಂಚದ ಹತ್ತಿರ ಬಂದರು, ಅತ್ತೆಯ ಮುಖಕ್ಕೆ ಕಿವಿ ತಂದರು.

"ಕೇಳಿಸ್ಲಿಲ್ಲ" ಅಂದರು.

ಶುದ್ಧ ಸುಳ್ಳು! ವಾರ್ಡಿಗೆಲ್ಲ ಕೇಳಿಸಿತ್ತು, ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಸುಳ್ಳು ಅಂತ ಅತ್ತೆಗೂ ಗೊತ್ತಿತ್ತು. ಆದರೂ ಅವರು ಇನ್ನೊಂದು ಸಲ ಕರೆದರು.