ಅಕ್ಕನ ಬಚ್ಚಲು ತನಿಖೆ

ಮೈಸೂರಿಗೆ ಬಂದವರು ಅರಮನೆ ನೋಡುತ್ತಾರೆ, ಮೃಗಾಲಯ ನೋಡುತ್ತಾರೆ. ಬಚ್ಚಲುಮನೆ ನೋಡುವುದಕ್ಕೆಂದೇ ಹಾಸನದಿಂದ ಕಾರು ಮಾಡಿಕೊಂಡು ಬರುವವಳು ಈ ಭೂಮಂಡಲದಲ್ಲಿ ನಮ್ಮಕ್ಕ ಒಬ್ಬಳೇ!

ಅಪಘಾತವಾಗಿ ಅಕ್ಕ ವೀಲ್‌ಚೇರಿನಲ್ಲಿ ಕೂತು ಹನ್ನೊಂದು ವರ್ಷ. ಹಿಂದೊಮ್ಮೆ ನೆಂಟರ ಮದುವೆಗೆ ಹೋದಾಗ, ಚೇರು ಒಳಗೆ ಹೋದರೆ ಹೋಟೆಲಿನ ಬಚ್ಚಲ ಬಾಗಿಲು ಮುಚ್ಚುತ್ತಿರಲಿಲ್ಲ. ನನ್ನ ಹೆಂಡತಿ ಸೀರೆ ಅಡ್ಡ ಹಿಡಿದು ನಿಂತಳು. ನಾನು ಕಾರಿಡಾರಿನಲ್ಲಿ ಕಾವಲು. ಆಮೇಲೆ ಅಕ್ಕ ಯಾವ ಶುಭಕಾರ್ಯಕ್ಕೂ ಬಂದವಳಲ್ಲ. ಈಗ ನನ್ನ ಮಗಳ ಮದುವೆ. ನಮ್ಮ ಮನೆಯೋ ಮೂರನೇ ಮಹಡಿ, ಲಿಫ್ಟ್ ಇಲ್ಲ.

"ಸೋದರತ್ತೆ ನಾನು, ಬರ್ಬೇಕು ಅಂತ ಆಸೆ ಕಣೋ. ಆದ್ರೆ ಚಿಲಕ ಹಾಕ್ಕೊಂಡು ಒಬ್ಳೇ ಸ್ನಾನ ಮಾಡೋ ಬಚ್ಚಲು ಸಿಕ್ಕಿದ್ರೆ ಮಾತ್ರ ಬರ್ತೀನಿ," ಎಂದಳು. ಹಿಡಿದ ಹಟ ಬಿಡುವವಳೇ? ತಾನೇ ನೋಡುತ್ತೇನೆಂದು ಹೊರಟು ಬಂದಳು.

ಮೊದಲು ವಿಜಯನಗರದ ಒಂದು ಹೋಟೆಲು. "ಎಲ್ಲಾ ವ್ಯವಸ್ಥೆ ಇದೆ ಸಾರ್" ಎಂದು ಫೋನಿನಲ್ಲಿ ಹೇಳಿದ್ದರು. ಇತ್ತು! ಹಿಡಿದುಕೊಳ್ಳಲು ಗೋಡೆಗೆ ಸ್ಟೀಲಿನ ಕಂಬಿ ಇತ್ತು. ಅದರ ಮೇಲೆ ನೆಲ ಒರೆಸುವ ಬಟ್ಟೆಗಳು ಒಣಗುತ್ತಿದ್ದವು. ಕಮೋಡಿನ ಸುತ್ತ ಹಳೇ ಹಾಸಿಗೆಗಳ ರಾಶಿ.

"ಈ ರೂಮಿಗೆ ಯಾರೂ ಬರಲ್ಲ ಮೇಡಂ, ಅದ್ಕೇ ಇಟ್ಟಿದೀವಿ," ಎಂದ ತೋರಿಸಲು ಬಂದವನು.

"ಜಾಗ ಇದ್ರಲ್ವೇನಪ್ಪಾ ಬರೋದು!" ಎಂದಳು ಅಕ್ಕ.

ಹಿನಕಲ್ ಹತ್ತಿರದ ಹೋಟೆಲಿನಲ್ಲಿ ಬಚ್ಚಲೇನೋ ಸೊಗಸಾಗಿತ್ತು, ಆದರೆ ಬಾಗಿಲಲ್ಲೇ ಮೆಟ್ಟಿಲು. ನೀರು ರೂಮಿಗೆ ಬರಬಾರದಲ್ಲ! "ಒಂದೇ ಮೆಟ್ಲು ಅಲ್ವಾ ಮೇಡಂ?" ಎಂದರು ಅಲ್ಲಿಯವರು.

"ನಿಮ್ಗೆ ಒಂದು. ನಂಗೆ ಅದೇ ಚಾಮುಂಡಿ ಬೆಟ್ಟ."

ಬಿಸಿಲು, ಹಸಿವು. ನನಗೆ ರೇಗಿಹೋಯಿತು. "ಅಕ್ಕಾ, ಒಂದಿನ ತಾನೇ? ಅಡ್ಜಸ್ಟ್ ಮಾಡ್ಕೋಬಾರ್ದಾ?" ಎಂದುಬಿಟ್ಟೆ.

"ಹನ್ನೊಂದು ವರ್ಷದಿಂದ ಮಾಡ್ಕೊಂಡೇ ಬಂದಿದೀನಲ್ಲೋ."

ನಾನು ಚೇರು ತಳ್ಳಿದೆ.

ಬೋಗಾದಿಯ ಹೋಟೆಲಿನಲ್ಲಿ ಬಾಗಿಲು ಅಗಲ, ನೆಲ ಸಮ. ಕನ್ನಡಿ ಮಾತ್ರ ಎತ್ತರದಲ್ಲಿತ್ತು. ಅಕ್ಕನಿಗೆ ಬೈತಲೆಯಷ್ಟೇ ಕಂಡಿತು. "ಹೋಗ್ಲಿ ಬುಡು, ನನ್ ಮುಖ ನಂಗೊತ್ತು," ಎಂದಳು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವಳು ಬಾಗಿಲು ಮುಚ್ಚಿ ನೋಡಿದಳು. ಚಿಲಕ ತುತ್ತತುದಿಯಲ್ಲಿತ್ತು!

"ಚಿಲಕ ಯಾಕೆ ಮೇಡಂ? ಹೊರಗಡೆ ಯಾರಾದ್ರೂ ನಿಂತಿರ್ತಾರಲ್ಲ," ಎಂದರು ಮ್ಯಾನೇಜರು.

"ನೀವು ಸ್ನಾನ ಮಾಡೋವಾಗ ಯಾರು ನಿಂತಿರ್ತಾರೆ?"

ಮ್ಯಾನೇಜರು ತಲೆ ಕೆರೆದುಕೊಂಡರು. ಮದುವೆಯ ಹೊತ್ತಿಗೆ ಕೆಳಗೊಂದು ಚಿಲಕ ಹಾಕಿಸುತ್ತೇನೆಂದರು. ಹಾಕಿಸಿಯೂ ಇದ್ದರು, ಪುಣ್ಯಾತ್ಮರು.

ಮದುವೆಯ ಬೆಳಿಗ್ಗೆ ಆ ಹೋಟೆಲಿನಲ್ಲಿ ನನ್ನ ಹೆಂಡತಿ ಹಿಂದಿನ ಸಲದಂತೆಯೇ ಟವೆಲ್ಲು ಹಿಡಿದು ಅಕ್ಕನ ಹಿಂದೆ ಹೊರಟಳು. ಅಕ್ಕ ಅದನ್ನು ಕಸಿದುಕೊಂಡು, "ನೀನು ಹೋಗಮ್ಮ, ಸೀರೆ ಉಟ್ಕೋ," ಎಂದಳು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ಮುಕ್ಕಾಲು ಗಂಟೆಯಾಯಿತು. ಛತ್ರದಿಂದ ಫೋನಿನ ಮೇಲೆ ಫೋನು: ಹುಡುಗಿಗೆ ಅರಿಶಿನ ಹಚ್ಚಬೇಕು, ಸೋದರತ್ತೆ ಎಲ್ಲಿ? ನಾನು ಬಾಗಿಲು ತಟ್ಟಿದೆ. "ಅಕ್ಕಾ, ಆಯ್ತಾ?"

"ಇಲ್ಲ ಕಣೋ," ಎಂದಿತು ದನಿ. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಇನ್ನೊಂಚೂರು ಹೊತ್ತು ಇರ್ತೀನಿ."

ಮತ್ತೆ ಫೋನು ಬಂದಾಗ ಹೇಳಿದೆ: "ಕಾಯ್ರಿ. ನಮ್ಮಕ್ಕ ಸ್ನಾನ ಮಾಡ್ತಾ ಇದಾಳೆ."