ಗೇಟಿಗೆ ಅಂಟಿದ ಅಣ್ಣ

ಗೋಂದು ಒಣಗದೆ ಹೋದದ್ದೇ ಪೆಂಚೊನ ಗ್ರಹಚಾರಕ್ಕೆ ಮೂಲ. ಜೀವಮಾನವಿಡೀ ಟ್ರ್ಯಾಕ್ಟರ್ ರಿಪೇರಿ ಮಾಡಿದವನಿಗೆ ಚಿತ್ರದ ಉಸಾಬರಿ ಯಾಕೆ ಬೇಕಿತ್ತು? ಊರಿನ ವಾಚನಾಲಯದಲ್ಲಿ ಒಬ್ಬಳು ಹುಡುಗಿ ಕ್ಲಾಸು ತೆರೆದಿದ್ದಳು. "ನಿಮ್ಮದೊಂದು ನೆನಪಿಗೆ ಬಣ್ಣ ಹಚ್ಚಿ. ಹಳೇ ಬಟ್ಟೆ, ಕಾಗದ, ಫೋಟೊ ಏನಿದೆಯೋ ಅಂಟಿಸಿ. ನೆನಪಿನಲ್ಲಿ ಇರೋರನ್ನೂ ಸಂಜೆ ಪ್ರದರ್ಶನಕ್ಕೆ ಕರ್ಕೊಂಡು ಬನ್ನಿ" ಎಂದಿದ್ದಳು.

ಪೆಂಚೊನ ನೆನಪಿನಲ್ಲಿದ್ದವನು ಅಣ್ಣ ರಾಂಗೆಲ್. ಪಕ್ಕದ ಹಳ್ಳಿ ಗೋರ್ನೊ ಪೋಲೆಯಲ್ಲಿದ್ದ. ಅಪ್ಪ ಹಣ್ಣಿನ ಸಾರಾಯಿ ರಕಿಯಾ ಇಳಿಸುತ್ತಿದ್ದ ಭಟ್ಟಿ ಯಾರಿಗೆ ಸೇರಬೇಕೆಂದು ಕಿತ್ತಾಡಿ ಒಂಬತ್ತು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ.

ಪೆಂಚೊ ನೀಲಿ ಬಳಿದು ಹೊಳೆ ಮಾಡಿದ. ಅಪ್ಪನ ಅಂಗಿಯ ತುಂಡು ಅಂಟಿಸಿ ದಡ ಮಾಡಿದ. ಅಣ್ಣ ಸೈನ್ಯದಲ್ಲಿದ್ದಾಗಿನ ಫೋಟೊ ಕತ್ತರಿಸಿ ದಡದ ಮೇಲೆ ನಿಲ್ಲಿಸಿದ. ಅಂಚು ಏಳುತ್ತಿತ್ತೆಂದು ಸುತ್ತಲೂ ಕರೆಂಟು ವೈರಿನ ಮೇಲೆ ಸುತ್ತುವ ಕಪ್ಪು ಟೇಪು ಬಿಗಿದ. ಬೆಳಿಗ್ಗೆ ಅದನ್ನು ಬಿಸಿಲಿಗೆಂದು ಗೇಟಿಗೆ ಸಿಕ್ಕಿಸಿ, ಅಣ್ಣನನ್ನು ಕರೆಯಲೋ ಬೇಡವೋ ಎಂದು ಯೋಚಿಸುತ್ತ ಒಳಗೆ ಕಾಫಿಗೆ ಕುಳಿತ.

ಬಲ್ಗೇರಿಯಾದ ಯಾವ ಊರಿಗೇ ಹೋಗಿ, ಕಪ್ಪು ಅಂಚಿನೊಳಗೆ ಫೋಟೊ ಇಟ್ಟು ಗೇಟಿಗೆ ಹಾಕುವುದು ಒಂದೇ ಕಾರಣಕ್ಕೆ: ಸಾವಾಗಿದೆ ಎಂದು ತಿಳಿಸಲು. ಇಷ್ಟು ಬುದ್ಧಿ ಆ ಪೆದ್ದನಿಗೆ ಹೊಳೆಯಲಿಲ್ಲ.

ಮೊದಲು ಬಂದವಳು ಪಕ್ಕದ ಮನೆಯ ಸ್ಟೊಯ್ನಾ ಅಜ್ಜಿ. ಕೈಯಲ್ಲಿ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ. ಊರಲ್ಲಿ ಯಾರು ಯಾವಾಗ ಸತ್ತರೂ ಆಕೆಯ ಮನೆಯಲ್ಲಿ ಗೋಧಿ ಮೊದಲೇ ನೆನೆದಿರುತ್ತಿತ್ತು.

"ದೇವರು ರಾಂಗೆಲನನ್ನ ಕ್ಷಮಿಸಲಿ ಕಣಪ್ಪ."

"ಅವನಿಗೇನಾಗಿದೆ?"

"ನನ್ನ ಕೇಳ್ತೀಯಲ್ಲ. ಗೇಟಿಗೆ ಹಾಕಿದೋನು ನೀನು."

"ಅಜ್ಜೀ, ಅದು ಚಿತ್ರ. ಕ್ಲಾಸಿಗೆ ಮಾಡಿದ್ದು."

"ಹೆಸರು ಕೂಡ ಬರೆದಿಲ್ಲ ನೀನು. ಸತ್ತೋನ ಮೇಲೆ ಇಷ್ಟು ಹಗೆ ಬೇಡ ಕಣೋ."

ಅಷ್ಟರಲ್ಲಿ ಅಂಗಡಿಯ ರೈನಾ ಏದುಸಿರು ಬಿಡುತ್ತ ಬಂದಳು. ಹಿಂದೆ ಅರ್ಧ ಬೀದಿ.

"ಚಿತ್ರಾನಂತೆ ಚಿತ್ರ. ಗೋರ್ನೊ ಪೋಲೆಯಲ್ಲಿ ಈಗ ತಾನೇ ಸಾವಿನ ಗಂಟೆ ಹೊಡೀತಂತೆ. ನಮ್ಮಕ್ಕ ಫೋನ್ ಮಾಡಿದ್ಲು. ನಿಮ್ಮ ಮನೆತನದೋರೇ ಅಂತೆ."

ಬ್ರೇಕು ಹೋದ ಟ್ರ್ಯಾಕ್ಟರಿನ ಹಾಗೆ ಪೆಂಚೊನ ಎದೆ ಇಳಿಜಾರಿಗೆ ಬಿತ್ತು. "ಅವನ ಮನೆಗೆ ಫೋನ್ ಹಚ್ಚು" ಎಂದ. ರೈನಾ ಹಚ್ಚಿದಳು. ಗಂಟೆ ಹೋಯಿತು, ಹೋಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಗೇಟಿನ ಮೇಲಿದ್ದುದು ಬರೀ ಚಿತ್ರ ಎಂದು ಊರಲ್ಲೆಲ್ಲ ಗೊತ್ತಿದ್ದವನು ಅವನೊಬ್ಬನೇ. ಈಗ ಅವನಿಗೂ ನಂಬಿಕೆ ಹೋಯಿತು. "ನಾನು ಅಂಟಿಸಿದ್ದಕ್ಕೇ ಹೋಗ್ಬಿಟ್ನಾ?" ಎಂದು ಅಳತೊಡಗಿದ.

"ಈಗ ಅತ್ತು ಏನು ಬಂತು? ಇದ್ದಾಗ ಒಂದು ಮಾತಾಡಿಸ್ಲಿಲ್ಲ" ಎಂದಳು ಅಜ್ಜಿ, ಗೇಟಿಗೆ ಕಪ್ಪು ರಿಬ್ಬನ್ ಕಟ್ಟುತ್ತ.

ರೈನಾ ಅವನ ಕೈಗೆ ನಾಲ್ಕು ಕಾರ್ನೇಷನ್ ಹೂ ತುರುಕಿದಳು. ಸತ್ತವರಿಗೆ ಜೋಡಿ ಲೆಕ್ಕದಲ್ಲೇ ಕೊಡಬೇಕು. ಎಲ್ಲರೂ ಸೇರಿ ಅವನನ್ನು ಬಸ್ ನಿಲ್ದಾಣಕ್ಕೆ ದಬ್ಬಿಕೊಂಡು ಹೋದರು. ದಾರಿಯುದ್ದಕ್ಕೂ ಪೆಂಚೊ, "ಭಟ್ಟಿ ಹಾಳಾಗಿ ಹೋಗ್ಲಿ, ಒಂದ್ಸಲ ಅಣ್ಣಾ ಅಂತ ಕರೀಬೇಕಿತ್ತು" ಎಂದು ಬಡಬಡಿಸುತ್ತಿದ್ದ.

ಗೋರ್ನೊ ಪೋಲೆಯ ಬಸ್ಸು ಬಂದು ನಿಂತಿತು. ಮೊದಲು ಇಳಿದವನು ರಾಂಗೆಲ್. ಕಪ್ಪು ಕೋಟು, ಕೆಂಪು ಕಣ್ಣು, ಕೈಯಲ್ಲಿ ಆರು ಕಾರ್ನೇಷನ್.

ಸ್ಟೊಯ್ನಾ ಅಜ್ಜಿ ಎದೆಯ ಮೇಲೆ ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡಳು.

"ನೀನು ಸತ್ತಿಲ್ವಾ?" ರಾಂಗೆಲ್ ಕೇಳಿದ.

"ಅದನ್ನೇ ನಾನು ಕೇಳ್ಬೇಕು ಅಂತಿದ್ದೆ."

"ಬಸ್ ಡ್ರೈವರ್ ಬೆಳಿಗ್ಗೆ ಹಾದು ಹೋಗ್ತಾ ನಿನ್ನ ಗೇಟಲ್ಲಿ ಕಪ್ಪು ಅಂಚಿನ ಚೀಟಿ ನೋಡಿ, ನೀನೇ ಹೋದೆ ಅಂತ ಬಂದು ಹೇಳ್ದ. ಗಂಟೆ ಹೊಡೆಸಿದ್ದು ನಾನೇ, ನಿನಗೆ. ದಾರಿಯುದ್ದಕ್ಕೂ ಅತ್ತಿದೀನಿ ಕಣೋ. ಹೋಗ್ಲಿ ಪಾಪ, ಎಲ್ಲಾ ಕ್ಷಮಿಸ್ದೆ ಅಂತ ದೇವರಿಗೂ ಹೇಳ್ಬಿಟ್ಟೆ."

ಪೆಂಚೊ ಎರಡೂ ತೋಳು ಚಾಚಿದ. "ಅಣ್ಣಾ, ಅಂದ್ರೆ ಸಿಟ್ಟು ಹೋಯ್ತು ತಾನೇ? ಬಾ. ಸಂಜೆ ಪ್ರದರ್ಶನ ಇದೆ, ಚಿತ್ರದಲ್ಲಿ ನೀನೇ ಇದೀಯ."

ರಾಂಗೆಲ್ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕರ್ಚೀಫಿನಿಂದ ಕಣ್ಣು ಒರೆಸಿ, ಅದನ್ನು ಮಡಿಚಿ ಜೇಬಿಗೆ ಇಟ್ಟುಕೊಂಡ.

"ನಾನು ಕ್ಷಮಿಸಿದ್ದು ಸತ್ತೋನನ್ನ" ಎಂದವನೇ, ಹೊರಡಲು ತಿರುಗಿ ನಿಂತಿದ್ದ ಅದೇ ಬಸ್ಸನ್ನು ಹತ್ತಿ ಕಿಟಕಿಯ ಪರದೆ ಎಳೆದುಕೊಂಡ.